ಕೊನೆಯ ಐದು ಮಿಲಿಗ್ರಾಂ

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಮಾತ್ರೆ ಬಿಡಬೇಕೆನ್ನುವವರನ್ನು ‘ಇವರಿಗೆ ತಮ್ಮ ಕಾಯಿಲೆಯ ಅರಿವೇ ಇಲ್ಲ’ ಎಂದು ತಳ್ಳಿಹಾಕುವುದು ಅನ್ಯಾಯ. ಆ ಕಾಯಿಲೆಗೆ ಒಲಾನ್ಜಪೈನ್ ಎಂಬ ಔಷಧಿ ಸೇವಿಸುವ ನನ್ನ ತಮ್ಮನ ಬೆಳಗಿನ ಮಂಪರನ್ನೂ, ಏರುತ್ತಲೇ ಹೋದ ತೂಕವನ್ನೂ, ಊಟ ಮುಗಿಸಿ ಕೈ ತೊಳೆದ ಸ್ವಲ್ಪ ಹೊತ್ತಿಗೇ ಮತ್ತೆ ಅಡುಗೆಮನೆಯ ಡಬ್ಬಿಗಳನ್ನು ತಡಕಾಡಿಸುವ ಹಸಿವನ್ನೂ ಹತ್ತಿರದಿಂದ ಕಂಡಿರುವ ನನಗೆ ಆ ಬಯಕೆ ಅರ್ಥವಾಗುತ್ತದೆ. ನಾನು ವಿರೋಧಿಸುವುದು ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸುವುದನ್ನು ಮಾತ್ರ.

ಈ ಔಷಧಿಗಳು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಸಂದೇಶವನ್ನು ಪಡೆಯುವ ಗ್ರಾಹಕಗಳನ್ನು (ರಿಸೆಪ್ಟರ್) ತಡೆಹಿಡಿಯುತ್ತವೆ. ದಿನಕ್ಕೆ 20 ಮಿ.ಗ್ರಾಂ. ಒಲಾನ್ಜಪೈನ್ ಸುಮಾರು ಮುಕ್ಕಾಲು ಪಾಲು ಗ್ರಾಹಕಗಳನ್ನು ಹಿಡಿದಿಟ್ಟರೆ, 10 ಮಿ.ಗ್ರಾಂ. ಹಿಡಿಯುವುದು ಅದಕ್ಕಿಂತ ತುಸುವೇ ಕಡಿಮೆ, 5 ಮಿ.ಗ್ರಾಂ. ಕೂಡ ಅರ್ಧಕ್ಕಿಂತ ಹೆಚ್ಚು. ಅಂದರೆ ಇಪ್ಪತ್ತರಿಂದ ಹತ್ತಕ್ಕೆ ಇಳಿದಾಗ ಮಿದುಳಿಗೆ ಆಗುವ ಬದಲಾವಣೆ ಚಿಕ್ಕದು. ‘ಇನ್ನೇನು ಐದೇ ಉಳಿದಿದೆ’ ಎಂದು ಬಿಟ್ಟಾಗ ಆಗುವುದು ಬಹಳ ದೊಡ್ಡದು. ಆದ್ದರಿಂದಲೇ ಲಂಡನ್ನಿನ ಮನೋವೈದ್ಯಕೀಯ ಸಂಶೋಧಕ ಮಾರ್ಕ್ ಹೊರೊವಿಟ್ಜ್ ಮತ್ತು ಸಂಗಡಿಗರು 2021ರಲ್ಲಿ, ಆಯಾ ಹೊತ್ತಿನ ಡೋಸ್‌ನ ಕಾಲು ಭಾಗ ಅಥವಾ ಅರ್ಧದಷ್ಟನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಇಳಿಸುತ್ತಾ, ಕೊನೆಗೆ ಅತ್ಯಲ್ಪ ಪ್ರಮಾಣಕ್ಕೆ ತಲುಪಿದ ಮೇಲಷ್ಟೇ ನಿಲ್ಲಿಸುವ ಕ್ರಮವನ್ನು ಸೂಚಿಸಿದರು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಅತಿ ಚಿಕ್ಕ ಮಾತ್ರೆಯೇ 2.5 ಮಿ.ಗ್ರಾಂ.ನದು. ಅದಕ್ಕಿಂತ ಕೆಳಗಿನ ದಾರಿಯನ್ನು ಮನೆಯವರು ಚಾಕು ಹಿಡಿದು ಅಂದಾಜಿನಲ್ಲಿ ಕಂಡುಕೊಳ್ಳಬೇಕಾಗಿ ಬರಬಾರದು. ವೈದ್ಯರು ಮತ್ತು ಔಷಧ ತಯಾರಕರು ಅದನ್ನು ಒದಗಿಸಬೇಕು.

ನಿಧಾನವಾಗಿ ಇಳಿಸಿದರೂ ಅಪಾಯ ಇಲ್ಲವಾಗುವುದಿಲ್ಲ. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ರಾಡಾರ್’ (RADAR) ಎಂಬ ಹೆಸರಿನ ಅಧ್ಯಯನದಲ್ಲಿ, ಎರಡು ವರ್ಷಗಳ ಅವಧಿಯಲ್ಲಿ ಆಸ್ಪತ್ರೆಗೆ ಸೇರುವಷ್ಟು ಕಾಯಿಲೆ ಮರುಕಳಿಸಿದ್ದು ಡೋಸ್ ಇಳಿಸಿದವರಲ್ಲಿ ಶೇ. 25 ಮಂದಿಗೆ, ಮೊದಲಿನಂತೆಯೇ ಮುಂದುವರಿಸಿದವರಲ್ಲಿ ಶೇ. 13 ಮಂದಿಗೆ. ಈ ಲೆಕ್ಕವನ್ನು ಮುಚ್ಚಿಟ್ಟು ಯಾರಿಗೂ ಧೈರ್ಯ ತುಂಬಬಾರದು.

ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ನಿದ್ದೆಗೇಡು, ಬೆವರು, ವಾಕರಿಕೆ, ಚಡಪಡಿಕೆ ಕಾಣಿಸಿಕೊಂಡರೆ ಅದು ಔಷಧಿ ಇಳಿದುದರ ಪರಿಣಾಮವಿರಬಹುದು, ಕಾಯಿಲೆಯ ಮುನ್ಸೂಚನೆಯೂ ಇರಬಹುದು. ಅದನ್ನು ಮನೆಯವರೇ ತೀರ್ಮಾನಿಸಲು ಹೋಗಬಾರದು. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ತಮ್ಮ ಎಷ್ಟು ಗಂಟೆ ಮಲಗಿದ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ‘ಹೇಗಿದ್ದಾನೆ?’ ಎಂಬ ಪ್ರಶ್ನೆಗೆ ನಾವು ಕೊಡುವ ಯಾವ ವಿವರಣೆಗಿಂತಲೂ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಅಂಕಿಗಳೇ. ಸತತವಾಗಿ ನಿದ್ದೆ ಕಡಿಮೆಯಾದರೆ, ಅನುಮಾನ ಅಥವಾ ಕಿವಿಯಲ್ಲಿ ಧ್ವನಿ ಮರಳಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಹಿಂದಿನ ಡೋಸ್‌ಗೆ ಮರಳುವುದನ್ನು ಸೋಲೆಂದು ಎಣಿಸಬೇಕಿಲ್ಲ. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧಿಯಾದ ಕ್ಲೋಜಪೈನ್ ಸೇವಿಸುವವರಂತೂ ಇನ್ನೂ ಎಚ್ಚರವಾಗಿರಬೇಕು: ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸ್ ನುಂಗುವಂತಿಲ್ಲ, ವೈದ್ಯರ ಸಲಹೆಯಂತೆ ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಬೇಕಾಗುತ್ತದೆ.

ಮನೋವೈದ್ಯರಲ್ಲಿ ನನ್ನ ವಿನಂತಿ ಇಷ್ಟೆ: ಓಪಿಡಿಯ ನೂಕುನುಗ್ಗಲಿನ ನಡುವೆಯೂ ‘ಮಾತ್ರೆ ಬಿಡಬೇಕೆಂದು ಅನಿಸುತ್ತಿದೆಯೇ?’ ಎಂದು ನೀವೇ ಮೊದಲು ಕೇಳಿ.