ಪಂಚಾಂಗದಲ್ಲಿಲ್ಲದ ನಮ್ಮನೆ ಹಬ್ಬಗಳು

ಜುಲೈ 22ಕ್ಕೆ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಪಕ್ಕದ ಮನೆಗೆ ನಾಲ್ಕು ಕೊಟ್ಟು ಬರೋಣ ಅಂತ ಹೋದರೆ ಆಂಟಿ ಕೇಳಿದರು, "ಏನಮ್ಮಾ ವಿಶೇಷ? ಇವತ್ತು ಯಾವ ಹಬ್ಬಾನೂ ಇಲ್ವಲ್ಲ?" "ಪೈ ದಿನ ಆಂಟಿ" ಅಂದೆ. ಗೇಟಿನ ಹತ್ತಿರ ನಿಂತು ವಿವರಿಸೋಕೆ ಹತ್ತು ನಿಮಿಷ ಬೇಕಾಯಿತು. ಇಲ್ಲೂ ಹೇಳಿಬಿಡ್ತೀನಿ.

ಅಮೆರಿಕದವರು ತಿಂಗಳು ಮೊದಲು, ತಾರೀಖು ಆಮೇಲೆ ಬರೆಯುತ್ತಾರೆ. ಹಾಗಾಗಿ ಅವರ ಮಾರ್ಚ್ 14 ಅಂದರೆ 3/14. ಗಣಿತದ ಪೈ, ಅಂದರೆ ವೃತ್ತದ ಸುತ್ತಳತೆಯನ್ನು ಅಡ್ಡಳತೆಯಿಂದ ಭಾಗಿಸಿದರೆ ಬರೋ ಸಂಖ್ಯೆ, ಸುಮಾರು 3.14. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರಟೋರಿಯಂ ಅಂತ ಒಂದು ವಿಜ್ಞಾನ ಮ್ಯೂಸಿಯಂ ಇದೆ. ಅಲ್ಲಿದ್ದ ಲ್ಯಾರಿ ಶಾ ಎಂಬ ಭೌತವಿಜ್ಞಾನಿ 1988ರಲ್ಲಿ ಈ ದಿನದ ಆಚರಣೆ ಶುರು ಮಾಡಿದರು. ಪೈ ಅಂದರೆ ತಿನ್ನೋ ಪೈ ಕೂಡ ಹೌದಲ್ವಾ, ಅದಕ್ಕೆ ಅವತ್ತು ಎಲ್ಲರೂ ಹಣ್ಣಿನ ಪೈ ತಿಂದರು. ನಾವು ತಾರೀಖು ಮೊದಲು ಬರೆಯುವವರು. ಶಾಲೆಯಲ್ಲಿ ನಾವು ಕಲಿತ ಪೈ 22/7. ಅದು ಜುಲೈ 22ಕ್ಕೆ ಸರಿಹೊಂದುತ್ತದೆ. ಅವತ್ತನ್ನೂ ಪೈ ದಿನ ಅಂತ ಆಚರಿಸುವವರು ಇದ್ದಾರೆ. ನಮ್ಮನೆಯಲ್ಲಿ ಪೈ ಬದಲು ಹೋಳಿಗೆ.

ಏಳನೇ ಕ್ಲಾಸಿನ ಮಗಳು ಒಂದು ಹೋಳಿಗೆಯನ್ನು ತಟ್ಟೆಗೆ ಹಾಕಿಕೊಂಡು ಕೂತಳು. ಹೂ ಕಟ್ಟೋ ದಾರವನ್ನು ಅದರ ಅಂಚಿನ ಸುತ್ತ ಇಟ್ಟಳು. ತುಪ್ಪ ಹತ್ತಿ ದಾರ ಜಾರುತ್ತಿತ್ತು. ಅಜ್ಜಿ ಒಂದು ಕಡೆ ಬೆರಳಿಟ್ಟು ಹಿಡಿದುಕೊಂಡರು. ದಾರ ಸ್ಕೇಲಿನ ಮೇಲೆ 60 ಸೆಂಟಿಮೀಟರ್ ಬಂತು, ಹೋಳಿಗೆಯ ಅಡ್ಡಳತೆ 19. ಭಾಗಿಸಿದರೆ 3.15 ಚಿಲ್ಲರೆ. "ಅಜ್ಜಿ, ನಿಮ್ಮ ಹೋಳಿಗೆ ಎಷ್ಟು ರೌಂಡ್ ನೋಡಿ!" ಅಂತ ಕುಣಿದಳು. ನಮ್ಮಮ್ಮ ಎಪ್ಪತ್ತು ದಾಟಿದವರು. ಅವರಿಗೆ ಇಂಥ ಸರ್ಟಿಫಿಕೇಟು ಯಾರೂ ಕೊಟ್ಟಿರಲಿಲ್ಲ. ಆ ದಿನ ಅವರ ಮುಖ ನೋಡಬೇಕಿತ್ತು.

ಇಂಥ ದಿನಗಳ ಬಗ್ಗೆ ಮಾತೆತ್ತಿದರೆ ಸುಮಾರು ಜನ ಹೇಳೋದು ಒಂದೇ. "ಇದೆಲ್ಲ ಕಂಪನಿಗಳು ವ್ಯಾಪಾರಕ್ಕೆ ಹುಟ್ಟಿಸಿದ್ದು. ನಮ್ಮ ಹಬ್ಬಗಳೇ ಬೇಕಾದಷ್ಟಿವೆ." ವ್ಯಾಪಾರದ ಮಾತು ಎಷ್ಟೋ ಕಡೆ ನಿಜ. ಸ್ವೀಡನ್ನಿನಲ್ಲಿ ಅಕ್ಟೋಬರ್ 4 ಚಕ್ಕೆ ಬನ್ನಿನ ದಿನ. 1999ರಲ್ಲಿ ಅದನ್ನು ಶುರು ಮಾಡಿದ್ದು ಮನೆ ಬೇಕಿಂಗ್ ಬೆಳೆಸೋಕೆ ಅಂತ ಇದ್ದ ಒಂದು ಮಂಡಳಿ. ಅದರ ಹಿಂದೆ ಇದ್ದವರು ಹಿಟ್ಟು, ಸಕ್ಕರೆ, ಈಸ್ಟ್ ಮಾರುವವರೇ. ಆದರೆ ಒಲೆ ಹಚ್ಚಿ ಬೇಯಿಸಿದ ಮೇಲೆ ಆ ದಿನ ಬೇಯಿಸಿದವರದು ಅಂತ ನನ್ನ ನಂಬಿಕೆ. ಡೋನಟ್ ದಿನಕ್ಕಂತೂ ವ್ಯಾಪಾರದ ನಂಟೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಫ್ರಾನ್ಸಿನಲ್ಲಿ ಸೈನಿಕರಿಗೆ ಡೋನಟ್ ಕರಿದು ಕೊಟ್ಟಿದ್ದರು. ಅವರ ನೆನಪಿಗೆ 1938ರಲ್ಲಿ ಶಿಕಾಗೋದಲ್ಲಿ ಶುರುವಾದ ದಿನ ಅದು. ಈಗಲೂ ಅಲ್ಲಿ ಜೂನ್ ತಿಂಗಳ ಮೊದಲ ಶುಕ್ರವಾರ ಆಚರಿಸುತ್ತಾರೆ.

ನಾನು ಆ ಚಕ್ಕೆ ಬನ್ನಿಗೆ ಮನಸೋತಿದ್ದು ಏಲಕ್ಕಿಯಿಂದ. ಒಳಗಿನ ಹೂರಣಕ್ಕೆ ಬೆಣ್ಣೆ, ಸಕ್ಕರೆ, ಚಕ್ಕೆಪುಡಿ. ಅದು ನನಗೆ ಗೊತ್ತಿತ್ತು. ಆದರೆ ಹೊರಗಿನ ಹಿಟ್ಟಿಗೆ ಸ್ವೀಡನ್ನಿನವರು ಏಲಕ್ಕಿ ಹಾಕುತ್ತಾರೆ! ಅದೂ ನುಣ್ಣಗಿನ ಪುಡಿಯಲ್ಲ, ತರಿತರಿಯಾಗಿ ಕುಟ್ಟಿದ್ದು. ನಾನು ಸಕಲೇಶಪುರದ ಹುಡುಗಿ. ಏಲಕ್ಕಿ ಗಿಡದ ಬುಡದಲ್ಲಿ ಆಡಿ ಬೆಳೆದವಳು. ಹಿಮದ ದೇಶದ ಅಜ್ಜಿಯರ ಅಡುಗೆಮನೆಯಲ್ಲಿ ನಮ್ಮ ಏಲಕ್ಕಿ ಘಮ ಇದೆ ಅಂತ ತಿಳಿದಾಗ ಎಷ್ಟು ಖುಷಿಯಾಯಿತು ಗೊತ್ತಾ!

ಮೊದಲ ವರ್ಷ ಬನ್ ಕಲ್ಲಾಯಿತು. ಹಾಲು ಜಾಸ್ತಿ ಬಿಸಿಯಿತ್ತು, ಈಸ್ಟ್ ಸತ್ತುಹೋಗಿತ್ತು. ಕಿರುಬೆರಳು ಅದ್ದಿದರೆ ಹಾಯೆನಿಸುವಷ್ಟು ಬೆಚ್ಚಗಿದ್ದರೆ ಸಾಕು ಅಂತ ಆಮೇಲೆ ಕಲಿತೆ. ಹೋದ ವರ್ಷ ಸರಿಯಾಗಿ ಬಂತು. ಅರ್ಧ ಕೆಜಿ ಮೈದಾ, ಕಾಲು ಲೀಟರ್ ಹಾಲು, ಅಮ್ಮ ಕುಟ್ಟಾಣಿಯಲ್ಲಿ ಕುಟ್ಟಿದ ಎರಡು ಚಮಚ ಏಲಕ್ಕಿ. ಹಿಟ್ಟು ಕೈಗೆ ಅಂಟೋದು ನಿಲ್ಲುವವರೆಗೆ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟೆ. ಗಂಟೆ ಬಿಟ್ಟು ನೋಡಿದರೆ ಪಾತ್ರೆ ತುಂಬ ಉಬ್ಬಿತ್ತು. ಮಗಳು ಬೆರಳಿಂದ ಒತ್ತಿದಳು. ಗುಳಿ ಬಿದ್ದು ನಿಧಾನಕ್ಕೆ ಮೇಲೆ ಬಂತು. ಹರಳು ಸಕ್ಕರೆ ಉದುರಿಸಬೇಕಿತ್ತು, ಅದು ಇಲ್ಲಿ ಸಿಗಲಿಲ್ಲ. ಕಲ್ಲುಸಕ್ಕರೆ ಜಜ್ಜಿ ಉದುರಿಸಿದೆ. ಓವನ್ ಬಾಗಿಲು ತೆಗೆದಾಗ ಬಂದ ಘಮಕ್ಕೆ ಮೇಲಿನ ಮನೆಯ ಹುಡುಗ ಕರೆಯದೇ ಕೆಳಗೆ ಬಂದ.

ನನಗೆ ಬೇಜಾರಾಗೋದು ಇಂಥ ದಿನವನ್ನೂ ಆ್ಯಪಿನಲ್ಲಿ ಆರ್ಡರ್ ಮಾಡಿ, ಫೋಟೋ ಹಾಕಿ ಮುಗಿಸಿದಾಗ. ಡಬ್ಬಿಯಲ್ಲಿ ಬಂದ ಬನ್ನಿಗೆ ಕಥೆ ಇರಲ್ಲ. ಮನೆಯಲ್ಲೇ ಮಾಡಿ. ಒಡೆದರೂ ಪರವಾಗಿಲ್ಲ, ಸೀದರೂ ಪರವಾಗಿಲ್ಲ. ಮಾಡುವಾಗ ಮಕ್ಕಳು ಪಕ್ಕದಲ್ಲಿರಲಿ. ವರ್ಷದ ಅಷ್ಟೂ ದಿನ ಮಾಡೋಕೆ ಹೋಗಬೇಡಿ, ಸುಸ್ತಾಗುತ್ತದೆ. ನಾಲ್ಕೋ ಐದೋ ಸಾಕು.

ಇನ್ನು ನಮ್ಮ ಹಬ್ಬಗಳ ಮಾತು. ಒಂದು ದಿನಕ್ಕೆ ಒಂದೇ ತಿನಿಸು ಅನ್ನೋದು ನಮಗೆ ಹೊಸದೇನಲ್ಲ. ವಿರಾಜಪೇಟೆಯ ಗೆಳತಿ ಪ್ರತಿ ಆಗಸ್ಟ್ 3ಕ್ಕೆ ಕಕ್ಕಡ 18 ಮಾಡುತ್ತಾಳೆ. ಕೊಡವರಿಗೆ ಅದು ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧಿಗಳ ಗುಣ ಸೇರುತ್ತದೆ ಅನ್ನೋದು ಹಿರಿಯರ ನಂಬಿಕೆ. ಈ ವರ್ಷ ಮೈಸೂರಿಗೂ ಒಂದು ಕಟ್ಟು ಸೊಪ್ಪು ಕಳಿಸಿದ್ದಳು. ನೀರಲ್ಲಿ ಕುದಿಸಿದೆ. ನೋಡನೋಡುತ್ತಿದ್ದಂತೆ ನೀರು ನೇರಳೆ ಬಣ್ಣಕ್ಕೆ ತಿರುಗಿ ಕೊನೆಗೆ ಕಪ್ಪು ಶಾಯಿಯ ಹಾಗಾಯಿತು. ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿದರೆ ಮದ್ದು ಪಾಯಸ. ಮಾರನೇ ದಿನ ಮೂತ್ರ ಕೆಂಪಗಾಗುತ್ತದೆ, ಹೆದರಬೇಡ ಅಂತ ಗೆಳತಿ ಮೊದಲೇ ಹೇಳಿದ್ದಳು. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತ್ಯದ ಗಂಜಿ ಉಣ್ಣುತ್ತಾರೆ. ಚಕ್ಕೆ ಬನ್ ಬಂತು ಅಂತ ಇವು ಹೋಗಲ್ಲ. ಒಂದನ್ನು ಮಾಡಿದ ಮನೆಯಲ್ಲಿ ಇನ್ನೊಂದನ್ನೂ ಮಾಡೋ ಆಸೆ ಹುಟ್ಟುತ್ತದೆ. ನನಗೆ ಮದ್ದು ಸೊಪ್ಪು ತರಿಸಬೇಕು ಅನಿಸಿದ್ದೇ ಆ ಬನ್ ಕೈಗೆ ಹತ್ತಿದ ಮೇಲೆ.

ಮೊನ್ನೆ ಅಮ್ಮ ಕೇಳಿದರು, "ಅಲ್ಲ ಕಣೇ, ಬನ್ನಿಗೊಂದು ದಿನ ಇದೆ, ಡೋನಟ್ಟಿಗೊಂದು ದಿನ ಇದೆ. ಕಳಲೆಗೆ ಇಲ್ವಾ?" ಕಳಲೆ ಅಂದರೆ ಎಳೆ ಬಿದಿರಿನ ಮೊಳಕೆ. ನನಗೆ ಗೊತ್ತಿರೋ ಹಾಗೆ ಇಲ್ಲ ಅಂದೆ. "ಹಂಗಾದ್ರೆ ನಾವೇ ಇಟ್ಕೊಳ್ಳೋಣ ಬಿಡು."

ಊರಿಂದ ಬಂದ ಬಸ್ಸಲ್ಲಿ ನಿನ್ನೆ ಕಳಲೆ ಬಂತು. ಸಿಪ್ಪೆ ಬಿಡಿಸಿ, ಬಿಲ್ಲೆ ಹೆಚ್ಚಿ ನೀರಲ್ಲಿ ನೆನೆಹಾಕಿದ್ದಾರೆ. ದಿನಾ ನೀರು ಬದಲಾಯಿಸಬೇಕು. ಆ ಕೆಲಸ ಮಗಳದು. ಮೂರನೇ ದಿನ ಭಾನುವಾರ ಬೀಳುತ್ತದೆ. ಕ್ಯಾಲೆಂಡರಿನಲ್ಲಿ ಆ ಮನೆಗೆ ಅಮ್ಮ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾರೆ. ಕಳಲೆ ಪಲ್ಯ, ಅಕ್ಕಿ ರೊಟ್ಟಿ.