ಮಗಳು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು

ಮಗಳು ಮೆಟ್ಟಿಲು ಇಳಿಯೋ ರೀತಿ ಬದಲಾಗಿ ಮೂರು ವಾರ ಆಗಿತ್ತು. ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದವಳು, ಕಂಬಿ ಹಿಡಿದು, ಬಲಗಾಲು ಮಡಿಸದೆ ಒಂದೊಂದೇ ಇಳಿಯುತ್ತಿದ್ದಳು. ನಾನು ನೋಡಿದ್ದೆ. ನೋಡಿಯೂ "ಬೇಗ ಬಾ ಪುಟ್ಟಿ, ಪ್ರಾಕ್ಟೀಸಿಗೆ ಲೇಟಾಗುತ್ತೆ" ಅಂದಿದ್ದೆ. ಬರೆಯೋಕೆ ನಾಚಿಕೆಯಾಗುತ್ತದೆ.

ಅವಳಿಗೆ 12 ವರ್ಷ. ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಒಂದು ರಾತ್ರಿ ಮಂಡಿಗೆ ಐಸ್ ಇಡುವಾಗ ನನ್ನ ಕೈಗೇ ಸಿಕ್ಕಿತು: ಮಂಡಿಚಿಪ್ಪಿನ ಕೆಳಗೆ ಗೋಲಿಯಷ್ಟು ದಪ್ಪದ ಗಟ್ಟಿ ಗಂಟು. ಮುಟ್ಟಿದ ಕೂಡಲೇ ಕಾಲೆಳೆದುಕೊಂಡಳು.

ಡಾಕ್ಟರು ಅದನ್ನು ಆಸ್ಗುಡ್-ಶ್ಲಾಟರ್ ಅಂದರು. ಹೆಸರು ಕೇಳಿಯೇ ಹೆದರಿದೆ. ಅಷ್ಟು ಹೆದರುವಂಥದ್ದಲ್ಲವಂತೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೆದು ಜಾಗ ಇರುತ್ತದೆ, ಗ್ರೋತ್ ಪ್ಲೇಟ್. ತೊಡೆಯ ದೊಡ್ಡ ಸ್ನಾಯುವಿನ ಎಳೆತವೆಲ್ಲ ಮಂಡಿಚಿಪ್ಪು ದಾಟಿ ಅಂಥದ್ದೇ ಒಂದು ಜಾಗಕ್ಕೆ ಬರುತ್ತದೆ. ಮಗು ದಿಢೀರ್ ಅಂತ ಉದ್ದ ಆಗುವ ದಿನಗಳಲ್ಲಿ ಸ್ನಾಯು ಬಿಗಿಯಾಗಿ, ಒಂದೊಂದು ಜಿಗಿತಕ್ಕೂ ಅದನ್ನು ಜಗ್ಗುತ್ತದೆ. ಜಗ್ಗಿ ಜಗ್ಗಿ ನೋವು, ಆಮೇಲೆ ಗಂಟು. ಹಿಮ್ಮಡಿಯಲ್ಲಿ ಹೀಗಾದರೆ ಸೀವರ್ಸ್ ಅನ್ನುತ್ತಾರೆ. ಮೂಳೆ ಬೆಳೆದು ಮುಗಿಯುವ ಹೊತ್ತಿಗೆ ಎರಡೂ ಸಾಮಾನ್ಯವಾಗಿ ಹೋಗುತ್ತವೆ, ಆಟ ಕಡಿಮೆ ಮಾಡಬೇಕು ಅಷ್ಟೆ.

"ವಾರಕ್ಕೆ ಎಷ್ಟು ಗಂಟೆ ಆಡ್ತಾಳೆ?"

"ಎಂಟಿರಬಹುದು" ಅಂದೆ.

ಮಗಳು ಪಕ್ಕದಲ್ಲಿ ಬೆರಳು ಮಡಿಸುತ್ತಿದ್ದಳು. ಶಾಲೆ ತಂಡದ್ದು ಆರು. ಕ್ಲಬ್ಬಿನದು ಏಳು. ಭಾನುವಾರ ನಾನೇ ಹುಡುಕಿ ಸೇರಿಸಿದ್ದ ಸ್ಪೆಷಲ್ ಕೋಚಿಂಗ್ ಮೂರು. "ಹದಿನಾರು ಅಪ್ಪಾ."

ವಾರದ ಆಟದ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು ಅನ್ನೋದು ಕ್ರೀಡಾ ವೈದ್ಯರು ಹೇಳುವ ಸುಲಭ ಲೆಕ್ಕ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ, ವರ್ಷದಲ್ಲಿ ಎರಡು ಮೂರು ತಿಂಗಳು ಆ ಆಟದಿಂದಲೇ ಬಿಡುವು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಮ್ಮ ಮನೆಯಲ್ಲಿ ಬಿಡುವು ಅಂದರೆ ಜ್ವರ ಬಂದ ದಿನ.

ಮಕ್ಕಳಿಗೆ ಪೆಟ್ಟಾದರೆ ನಾವು ಮೊದಲು ಕೋಚನ್ನು ಬೈಯುತ್ತೇವೆ. ನಾನೂ ಬೈದೆ. ಆದರೆ ಶಾಲೆ ಕೋಚಿಗೆ ಗೊತ್ತಿದ್ದದ್ದು ಆರು ಗಂಟೆ, ಕ್ಲಬ್ ಕೋಚಿಗೆ ಏಳು. ಇಬ್ಬರದೂ ತಪ್ಪಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮಕ್ಕಳು ಎಷ್ಟು ಚೆಂಡು ಎಸೆಯಬಹುದು ಅನ್ನೋದಕ್ಕೆ 2014ರಿಂದ ಪಿಚ್ ಸ್ಮಾರ್ಟ್ ಅಂತ ಒಂದು ಮಾರ್ಗಸೂಚಿ ಇದೆ. 11-12 ವಯಸ್ಸಿನ ಹುಡುಗ ದಿನಕ್ಕೆ 85ಕ್ಕಿಂತ ಜಾಸ್ತಿ ಚೆಂಡು ಎಸೆಯುವ ಹಾಗಿಲ್ಲ, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಸರಿ, ಆದರೆ ಅವನು ಬೆಳಿಗ್ಗೆ ಒಂದು ತಂಡಕ್ಕೆ, ಸಂಜೆ ಇನ್ನೊಂದಕ್ಕೆ ಎಸೆದರೆ ಕೂಡಿಸೋರು ಯಾರು? ಎರಡೂ ಕಡೆ ಕರೆದುಕೊಂಡು ಹೋಗೋರು ತಾನೇ? ಪೂರ್ತಿ ಲೆಕ್ಕ ಇರೋದು ಅಪ್ಪ ಅಮ್ಮನ ಹತ್ತಿರ ಮಾತ್ರ. ಕೂಡಿಸೋಕೆ ಮನಸ್ಸಿಲ್ಲದೋರೂ ನಾವೇ. ಫೀಸ್ ಕಟ್ಟಿರುತ್ತೇವೆ, ಸೆಲೆಕ್ಷನ್ ಹತ್ತಿರ ಇರುತ್ತದೆ, ಸ್ಟೇಟಸ್‌ಗೆ ಹಾಕಿದ ಫೋಟೊಗೆ ಲೈಕ್ ಬಂದಿರುತ್ತವೆ.

ತಲೆಗೆ ಪೆಟ್ಟಾದಾಗ ಮಾತ್ರ ನಾನು ಮಾಡಿದಂಥ ತಡ ನಡೆಯೋದೇ ಇಲ್ಲ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಝಾಕರಿ ಲಿಸ್ಟೆಡ್ ಅನ್ನೋ 13 ವರ್ಷದ ಹುಡುಗ ತಲೆಗೆ ಪೆಟ್ಟಾದ ಮೇಲೂ ಅದೇ ಪಂದ್ಯಕ್ಕೆ ಮರಳಿದ. ಮೆದುಳಲ್ಲಿ ರಕ್ತಸ್ರಾವವಾಗಿ ವರ್ಷಗಟ್ಟಲೆ ನರಳಿದ. 2009ರಲ್ಲಿ ಅಲ್ಲಿ ಅವನ ಹೆಸರಲ್ಲೇ ಕಾನೂನು ಬಂತು. ಅನುಮಾನ ಬಂದರೂ ಸಾಕು, ಹೊರಗೆ ಕರೆಯಬೇಕು. ಇದರಲ್ಲಿ ತರಬೇತಿ ಪಡೆದ ಆರೋಗ್ಯ ತಜ್ಞರು ಬರೆದುಕೊಡದೆ ವಾಪಸ್ ಬಿಡುವಂತಿಲ್ಲ. ತಲೆಪೆಟ್ಟಿನ ಬಗ್ಗೆ ಕೊಟ್ಟ ಮಾಹಿತಿ ಹಾಳೆ ಓದಿದ್ದೇವೆ ಅಂತ ಪೋಷಕರೂ ಪ್ರತಿ ವರ್ಷ ಸಹಿ ಹಾಕಬೇಕು. ಮೈದಾನದಾಚೆಯಿಂದ "ಏನೂ ಆಗಿಲ್ಲ, ಎದ್ದೇಳು" ಅಂತ ಕೂಗೋ ನಮ್ಮಂಥವರಿಗೇ ಆ ಸಹಿ ಬೇಕಾಗಿರೋದು.

ಡಾಕ್ಟರ ಹತ್ತಿರದಿಂದ ವಾಪಸ್ ಬರುವಾಗ ಮಗಳನ್ನು ಕೇಳಿದೆ, "ನೋವಿದೆ ಅಂತ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆಯಲ್ಲಪ್ಪ."

ಆಮೇಲೆ ಮನೆವರೆಗೂ ಇಬ್ಬರೂ ಮಾತಾಡಲಿಲ್ಲ.

ಮರುದಿನ ಭಾನುವಾರದ ಕೋಚ್ ಮೆಸೇಜ್ ಹಾಕಿದ್ದರು. ಎರಡು ತಿಂಗಳು ಬರದಿದ್ದರೆ ಜಾಗ ಬೇರೆ ಮಗುವಿಗೆ ಕೊಡಬೇಕಾಗುತ್ತದೆ ಅಂತ. "ಕೊಡಿ ಸರ್" ಅಂತ ಉತ್ತರಿಸಿದೆ. ಎರಡೇ ಪದ. ಕಳಿಸೋಕೆ ಅರ್ಧ ಗಂಟೆ ಹಿಡಿಯಿತು.