ಪಾಪು ಆಡಿಸುವ ಕೆಲಸವಲ್ಲ ಇದು

ಪ್ಲಸ್ ಟೂ ಮುಗಿಸಿದ ಮಕ್ಕಳ ಅಮ್ಮಂದಿರ ಫೋನು ಈಗ ಜೋರು. "ನರ್ಸಿಂಗ್ ಮಾಡಿಸಿದ್ರೆ ನಿಮ್ಮ ಹಾಗೆ ಎನ್‌ಐಸಿಯುಗೇ ಹೋಗ್ಲಿ. ಸಣ್ಣ ಪಾಪುಗಳು, ರಗಳೆ ಇಲ್ಲ."

ರಗಳೆ ಇಲ್ಲವಂತೆ! ಎನ್‌ಐಸಿಯು ಎಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ನಾನು ಅಲ್ಲಿಯ ನರ್ಸ್.

ಒಂದು ಕಿಲೋ ತೂಗುವ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ 100 ಮಿಲಿಯೊಳಗೆ, ಹೋಟೆಲಿನ ಒಂದು ಸಣ್ಣ ಗ್ಲಾಸು ಚಹಾದಷ್ಟು. ಟೆಸ್ಟಿಗೆ ತೆಗೆದ ಒಂದೊಂದು ಮಿಲಿಗೂ ಲೆಕ್ಕ ಉಂಟು. ತಿಂಗಳು ತುಂಬದ ಮಗುವಿಗೆ ಆಕ್ಸಿಜನ್ ಕೊಡುವಾಗ ಮಾನಿಟರಿನಲ್ಲಿ ಕಾಣುವ ರಕ್ತದ ಆಕ್ಸಿಜನ್ ಅಂಕಿ ಶೇಕಡಾ 90ರಿಂದ 95ರೊಳಗೆ ಇರಬೇಕು. 100 ಕಂಡರೆ ಮನೆಯವರಿಗೆ ಖುಷಿ, ನಮಗೆ ಗಾಬರಿ: ಆಕ್ಸಿಜನ್ ಅತಿಯಾದರೆ ಕಣ್ಣಿನ ರೆಟಿನಾ ಕೆಡಬಹುದು. ಔಷಧಿಯಲ್ಲಿ ದಶಮಾಂಶದ ಚುಕ್ಕೆ ಒಂದು ಮನೆ ಆಚೆ ಸರಿದರೆ ಡೋಸ್ ಹತ್ತು ಪಟ್ಟು. ಪಾಪು ಎಂದರೆ ಇಷ್ಟ ಅನ್ನುವ ಒಂದೇ ಕಾರಣಕ್ಕೆ ಬರುವವರು ಇಲ್ಲಿ ಬಾಳುವುದಿಲ್ಲ. ನೋಡುತ್ತಲೇ ಇರುವ ತಾಳ್ಮೆ ಬೇಕು.

ಕಾಮಾಲೆಯ ಮಕ್ಕಳನ್ನು ನೀಲಿ ಬೆಳಕಿನಡಿ ಮಲಗಿಸುತ್ತೇವಲ್ಲ, ಅದು ಶುರುವಾದದ್ದೇ ಒಬ್ಬ ನರ್ಸಿನ ಕಣ್ಣಿನಿಂದ. 1956ರ ಸುಮಾರಿಗೆ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಶಿಶುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಬಟ್ಟೆ ಮುಚ್ಚಿದ ಕಡೆ ಮಾತ್ರ ಹಳದಿ ಉಳಿದದ್ದನ್ನು ಡಾಕ್ಟರಿಗೆ ತೋರಿಸಿದ್ದು ಅವರು. (ಹಾಗಂತ ಮನೆಯಲ್ಲೇ ಬಿಸಿಲು ಕಾಯಿಸಿ ಕೂರಬೇಡಿ, ಆಸ್ಪತ್ರೆಗೆ ತನ್ನಿ.)

ಇನ್ನು ನಮ್ಮ ಊರಿನ, ಅಂದರೆ ಕೇರಳದ ಕಾಸರಗೋಡಿನ ಮಾತು. ಎಣ್ಮಕಜೆ, ಪೈವಳಿಕೆ, ಬೆಳ್ಳೂರು ಕಡೆಯ ಬಾಣಂತಿಗೆ ಹಾಲು ಎಷ್ಟು ಮಿಲಿ, ಎಷ್ಟು ಗಂಟೆಗೊಮ್ಮೆ ಎಂದೆಲ್ಲ ಮಲಯಾಳದಲ್ಲಿ ಪಟಪಟ ಹೇಳಿದರೆ ಅವಳು ಎಲ್ಲದಕ್ಕೂ ತಲೆ ಆಡಿಸುತ್ತಾಳೆ. ಅರ್ಥವಾಗಿ ಅಲ್ಲ, ಹೆದರಿ. ಕಾಂಗರೂ ಆರೈಕೆಯನ್ನೇ ನೋಡಿ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಡುವುದನ್ನು ಹುಟ್ಟಿದ ಕೂಡಲೇ ಆರಂಭಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಹೇಳಿದರೇನು, ಅತ್ತೆಯನ್ನು ಒಪ್ಪಿಸಬೇಕಲ್ಲ! ಆ ಕೆಲಸ ತುಳುವಿನಲ್ಲೋ ಕನ್ನಡದಲ್ಲೋ ಆಗಬೇಕು. ಅದಕ್ಕೇ ಇಲ್ಲಿಯ ಕನ್ನಡ ಶಾಲೆಯ ಮಕ್ಕಳು ಈ ವಾರ್ಡಿಗೆ ಬರಬೇಕೆಂದು ನನ್ನ ಹಟ. ಮಲಯಾಳವನ್ನೂ ಚೆನ್ನಾಗಿ ಕಲಿಯಿರಿ, ಡ್ಯೂಟಿ ಹಸ್ತಾಂತರ ನಡೆಯುವುದು ಅದರಲ್ಲೇ.

ನಮ್ಮವರು ಮಂಗಳೂರಿನಲ್ಲಿ ಓದಿ ಗಲ್ಫಿಗೋ ಲಂಡನ್ನಿಗೋ ಹಾರುತ್ತಾರೆ. ಬೈಯಲಾರೆ. ನಾನು ಮೊದಲು ಸೇರಿದ ಖಾಸಗಿ ಆಸ್ಪತ್ರೆಯ ಸಂಬಳದಲ್ಲಿ ಹಾಸ್ಟೆಲ್ ಬಾಡಿಗೆ ಕಟ್ಟಿದ ಮೇಲೆ ಊರಿಗೆ ಬರುವ ಬಸ್ಸಿನ ದುಡ್ಡು ಮಾತ್ರ ಉಳಿಯುತ್ತಿತ್ತು. ಒಬ್ಬ ನರ್ಸಿಗೆ ಮೂರು ನಾಲ್ಕು ಶಿಶು ಎನ್ನುವ ಲೆಕ್ಕವೂ ರಾತ್ರಿ ಪಾಳಿಯಲ್ಲಿ ಕಾಗದದ ಮೇಲೆಯೇ ಉಳಿಯುತ್ತಿತ್ತು.

ಸೇರಿಸುವುದಾದರೆ ಕಾಲೇಜಿನ ಕಟ್ಟಡ, ಬಸ್ಸು ನೋಡಿ ಮರುಳಾಗಬೇಡಿ. ಮಕ್ಕಳನ್ನು ಪ್ರಾಕ್ಟಿಕಲ್‌ಗೆ ಕಳಿಸುವ ಆಸ್ಪತ್ರೆ ಯಾವುದು, ಅಲ್ಲಿ ನವಜಾತ ಶಿಶುಗಳ ಘಟಕ ನಿಜವಾಗಿ ನಡೆಯುತ್ತಿದೆಯೇ, ಅದನ್ನು ಕೇಳಿ. ಮಗನಿದ್ದರೂ ಕಳಿಸಿ, ಗಂಡುಮಕ್ಕಳೂ ಈ ಕೆಲಸ ಚೆನ್ನಾಗಿಯೇ ಮಾಡುತ್ತಾರೆ.